ಒಬ್ಬನೇ ಮತದಾರನ ಸಭೆ

ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ, ಕ್ಲೈಡ್ ನದಿಯು ಸಮುದ್ರವನ್ನು ಸೇರುವ ವಿಸ್ತಾರವಾದ ಅಳಿವೆಯಲ್ಲಿ, ಬ್ಯೂಟ್, ಆರನ್ ಮತ್ತು ಎರಡು ಕಂಬ್ರೆಗಳೆಂಬ ದ್ವೀಪಗಳು ಕೂಡಿ ಬ್ಯೂಟ್‌ಷೈರ್ ಎಂಬ ಕೌಂಟಿಯಾಗಿದ್ದುವು. 1707ರ ಒಕ್ಕೂಟದಿಂದ ಎಡಿನ್‌ಬರೋದ ಪಾರ್ಲಿಮೆಂಟು ಲುಪ್ತವಾಗಿ, ಲಂಡನ್ನಿನ ಕಾಮನ್ಸ್ ಸಭೆಯಲ್ಲಿ ಸ್ಕಾಟ್ಲೆಂಡಿಗೆ 45 ಸ್ಥಾನಗಳು ದೊರೆತಾಗ, ಅವುಗಳಲ್ಲಿ ಕೌಂಟಿಗಳ ಪಾಲಿಗೆ ಬಂದವು 30, ಕೌಂಟಿಗಳಾದರೋ 33. ಆದಕಾರಣ ಆರು ಸಣ್ಣ ಕೌಂಟಿಗಳನ್ನು ಎರಡೆರಡಾಗಿ ಜೊತೆಗೂಡಿಸಿ, ಒಂದು ಪಾರ್ಲಿಮೆಂಟಿಗೆ ಒಂದು, ಮರು ಪಾರ್ಲಿಮೆಂಟಿಗೆ ಇನ್ನೊಂದು ಎಂಬ ಸರದಿಯನ್ನು ಕಟ್ಟಿದರು. ನೈಋತ್ಯದ ಬ್ಯೂಟಿಗೆ ಜೊತೆಯಾದುದು ಈಶಾನ್ಯದ ತುತ್ತತುದಿಯಲ್ಲಿರುವ ಕೇತ್‌ನೆಸ್! ಬ್ಯೂಟಿನ ದನಿ ಒಂದು ಪಾರ್ಲಿಮೆಂಟು ಬಿಟ್ಟು ಒಂದರಲ್ಲಿ ಮಾತ್ರ ಕೇಳಬೇಕಾಯಿತು.

ಆ ದನಿಯಾದರೂ ಯಾರದು? ಮತದ ಹಕ್ಕು ನೆಲವನ್ನು ಉತ್ತು ಬೆಳೆದವನದಲ್ಲ. ಅರಸನಿಂದ ನೇರವಾಗಿ ಭೂಮಿಯನ್ನು ಹಿಡಿದವನೆಂಬ ಊಳಿಗಮಾನ್ಯ ಕಾಲದ ಮೇಲೊಡೆತನಕ್ಕೆ ಅದು ಅಂಟಿಕೊಂಡಿದ್ದಿತು. ಈ ಮೇಲೊಡೆತನವನ್ನು ನೆಲದಿಂದ ಬೇರ್ಪಡಿಸಿ, ಚರ್ಮಪತ್ರದ ಮೇಲೆ ಬರೆದು ಪರರಿಗೆ ವಹಿಸಬಹುದಾಗಿದ್ದುದರಿಂದ, ಆ ಕೌಂಟಿಯಲ್ಲಿ ಗೇಣು ನೆಲವನ್ನೂ ಅನುಭವಿಸದವನು ಮತದಾರನಾಗುತ್ತಿದ್ದನು. ತಲೆತಲಾಂತರದಿಂದ ಅಲ್ಲಿಯೇ ಬಾಳಿದ ರೈತನೂ ಬೆಸ್ತನೂ ಆಗಲಾರದೆ ಹೋದರು. ಸುಮಾರು 14,000 ಜನರಿದ್ದ ಬ್ಯೂಟಿನಲ್ಲಿ ಮತದಾರರು 21 ಮಂದಿ. ಅವರಲ್ಲಿ ಕೌಂಟಿಯ ನಿವಾಸಿ ಒಬ್ಬನೇ ಒಬ್ಬನು.

1831ರಲ್ಲಿ, ಸುಧಾರಣಾ ಮಸೂದೆಯ ಚರ್ಚೆಯ ಕಾಲಕ್ಕೆ, ಸ್ಕಾಟ್ಲೆಂಡಿನ ಲಾರ್ಡ್ ಅಡ್ವೊಕೇಟರು ಕಾಮನ್ಸ್ ಸಭೆಯಲ್ಲಿ ಅರುಹಿದ ಸಂಗತಿಯೊಂದಿದೆ. ಜನರ ನೆನಪಿಗೆ ನಿಲುಕುವ ಕಾಲದಲ್ಲಿಯೇ ಬ್ಯೂಟಿನಲ್ಲಿ ನಡೆದ ಒಂದು ಚುನಾವಣೆಗೆ, ಅಧಿಕಾರಿಗಳ ಹೊರತು, ಬಂದವನು ಒಬ್ಬನೇ ಮತದಾರ. ಅವನೇ ಪೀಠವನ್ನೇರಿ, ಮತದಾರರ ಪಟ್ಟಿಯನ್ನು ಕೂಗಿ, ತನ್ನ ಹೆಸರಿಗೆ ತಾನೇ ಓಗೊಟ್ಟು, ತನ್ನನ್ನೇ ಅಧ್ಯಕ್ಷನನ್ನಾಗಿ ಆರಿಸಿಕೊಂಡು, ಬಳಿಕ ತನ್ನ ಹೆಸರನ್ನು ತಾನೇ ಸೂಚಿಸಿ, ತಾನೇ ಅನುಮೋದಿಸಿ, ಸರ್ವಾನುಮತದಿಂದ ಪಾರ್ಲಿಮೆಂಟಿನ ಸದಸ್ಯನಾದನು. ಇದರಲ್ಲಿ ಕಾನೂನಿನ ಒಂದು ವಿಧಿಯೂ ಭಂಗವಾಗಲಿಲ್ಲ. ನನಗೆ ಅತ್ಯಂತ ಖೇದಕರವಾಗಿ ತೋರುವುದು ಇದೇ: ಅನ್ಯಾಯವು ಕಾನೂನನ್ನು ಮೀರಿ ನಡೆದಿದ್ದರೆ ಅದನ್ನು ತಡೆಯಲು ಒಬ್ಬ ನ್ಯಾಯಾಧೀಶನು ಸಾಕಾಗಿದ್ದನು, ಇಲ್ಲಿ ಕಾನೂನೇ ಅದಕ್ಕೆ ಆಸರೆಯಾಗಿದ್ದಿತು.

1832ರ ಸುಧಾರಣಾ ಶಾಸನವು ಸರದಿಯನ್ನು ತೊಡೆದು, ಬ್ಯೂಟಿಗೂ ಕೇತ್‌ನೆಸ್ಸಿಗೂ ಪ್ರತ್ಯೇಕ ಸ್ಥಾನಗಳನ್ನು ಕೊಟ್ಟಿತು. ಇಡೀ ಸ್ಕಾಟ್ಲೆಂಡಿನಲ್ಲಿ ಐದು ಸಾವಿರವನ್ನೂ ಮುಟ್ಟದಿದ್ದ ಮತದಾರರ ಸಂಖ್ಯೆ ಅರುವತ್ತು ಸಾವಿರವನ್ನು ದಾಟಿತು. ಆದರೂ ಆಸ್ತಿಯಿಲ್ಲದವನು ಹೊರಗೇ ಉಳಿದನು. ಗುಪ್ತ ಮತದಾನಕ್ಕೆ 1872ರವರೆಗೆ ಕಾಯಬೇಕಾಯಿತು. 1918ರಲ್ಲಿ ಇಪ್ಪತ್ತೊಂದು ವಯಸ್ಸಿನ ಎಲ್ಲ ಗಂಡಸರಿಗೂ ಮೂವತ್ತು ಮೀರಿದ ಅನೇಕ ಹೆಂಗಸರಿಗೂ ಮತ ದೊರೆತಿತು. ಅದೇ ವರ್ಷ ಬ್ಯೂಟ್‌ಷೈರ್ ಕ್ಷೇತ್ರವನ್ನು ರದ್ದುಗೊಳಿಸಿ, ಆ ದ್ವೀಪಗಳನ್ನು ಎದುರು ದಡದ ಉತ್ತರ ಏರ್‌ಷೈರಿಗೆ ಸೇರಿಸಿದರು.