ಊರು ಕಟ್ಟುವ ಕೆಲಸ: ಕೆರೆ ಏರಿಯಿಂದ ಗ್ರಾಮಸಭೆಯವರೆಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ನಮ್ಮ ಸೀಮೆಯ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ಹೊಯ್ಸಳರು, ವಿಜಯನಗರದ ಅರಸರು, ಹಾಗಲವಾಡಿ ಪಾಳೆಯಗಾರರು ಎಂದು ಬರೆಯುತ್ತಾ ಹೋಗಬಹುದಿತ್ತು. ಆ ಇತಿಹಾಸವನ್ನು ಬಲ್ಲ ವಿದ್ವಾಂಸರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಈ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿಯಾಗಿ ಬೇರೆ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ನಾವು ದಿನವೂ ಓಡಾಡುವ ಬೀದಿ, ಕೆರೆ, ತೋಪು, ಅರಳಿಕಟ್ಟೆ, ಶಾಲೆ, ಸ್ಮಶಾನ ಇವೆಲ್ಲ ಇರುವ ಜಾಗದಲ್ಲೇ ಏಕೆ ಇವೆ? ಅವನ್ನು ಅಲ್ಲಿ ಇಡಬೇಕೆಂದು ತೀರ್ಮಾನ ಮಾಡಿದವರು ಯಾರು? ಒಂದು ಊರು ಆರೋಗ್ಯವಾಗಿ, ಲವಲವಿಕೆಯಿಂದ ಇರಬೇಕಾದರೆ ಆ ತೀರ್ಮಾನ ಯಾರ ಕೈಯಲ್ಲಿರಬೇಕು?

ಹೆಸರಿನಲ್ಲೇ ಇರುವ ಕೆರೆ

‘ಸಂದ್ರ’ ಎಂದು ಕೊನೆಯಾಗುವ ಊರುಗಳು ಹಳೆಯ ಮೈಸೂರು ಸೀಮೆಯಲ್ಲಿ ಬಹಳ. ಈ ‘ಸಂದ್ರ’ ಎಂಬುದು ‘ಸಮುದ್ರ’ದ ಆಡುಮಾತಿನ ರೂಪ. ನಮ್ಮ ಹಿರಿಯರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆದರು. ಮಾಯಸಂದ್ರ ಎನ್ನುವಾಗಲೆಲ್ಲ ನಾವು ಒಂದು ಕೆರೆಯ ಹೆಸರನ್ನೇ ಹೇಳುತ್ತಿದ್ದೇವೆ. ನಮ್ಮ ತಾಲ್ಲೂಕಿನ ಕೇಂದ್ರ ತುರುವೇಕೆರೆ, ಪಕ್ಕದಲ್ಲೇ ನೊಣವಿನಕೆರೆ. ನದಿಯ ಆಸರೆ ಕಡಿಮೆ ಇರುವ ಈ ಬಯಲುಸೀಮೆಯಲ್ಲಿ ಮೊದಲು ಕೆರೆ ಕಟ್ಟಿ, ಆಮೇಲೆ ಊರು ಕಟ್ಟಿದರು ಎಂಬುದಕ್ಕೆ ಈ ಹೆಸರುಗಳೇ ಸಾಕ್ಷಿ. ಹೊಯ್ಸಳರ ಕಾಲದಲ್ಲಿ ಅಗ್ರಹಾರವಾಗಿ ಬೆಳೆದ ತುರುವೇಕೆರೆಯಲ್ಲಿ 13ನೇ ಶತಮಾನದ ದೇವಾಲಯಗಳು ಇಂದಿಗೂ ನಿಂತಿವೆ. ಆ ಕಲ್ಲಿನ ಕೆಲಸವನ್ನು ನೋಡಲು ದೂರದಿಂದ ಜನ ಬರುತ್ತಾರೆ. ಕೆರೆಯ ಏರಿಯನ್ನು ನೋಡಲು ಯಾರೂ ಬರುವುದಿಲ್ಲ. ಆದರೆ ದೇವಾಲಯ ಕಟ್ಟಿದವರಿಗೆ ಅನ್ನ ಕೊಟ್ಟದ್ದು ಆ ಏರಿಯೇ.

ಕೆರೆ ಒಬ್ಬರಿಂದ ಉಳಿಯುವ ವಸ್ತುವಲ್ಲ. ಅದಕ್ಕೆ ಏರಿ ಇದೆ, ತೂಬು ಇದೆ, ಕೋಡಿ ಇದೆ, ಕಾಲುವೆ ಇದೆ, ಅಚ್ಚುಕಟ್ಟು ಇದೆ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. ನೀರು ಬಿಡುವ ಕೆಲಸಕ್ಕೆ ನೀರುಗಂಟಿ ಇದ್ದ. ಯಾವ ಗದ್ದೆಗೆ ಯಾವ ದಿನ ನೀರು ಎಂಬುದು ಅಚ್ಚುಕಟ್ಟಿನ ರೈತರು ಕೂತು ಮಾಡಿದ ಏರ್ಪಾಡು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿಕೊಂಡು ಹೋಗಿ ಕೆರೆಗೋಡು ತುಂಬಿ ತಂದು ಹೊಲಕ್ಕೆ, ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ತೋಟಕ್ಕೆ ಗೊಬ್ಬರವಾಯಿತು, ಕೆರೆಯ ಹೂಳೂ ತೆಗೆದಂತಾಯಿತು. ಯಾವ ಇಂಜಿನಿಯರ ನಕ್ಷೆಯೂ ಇಲ್ಲದೆ ತಲೆಮಾರುಗಳ ಕಾಲ ನಡೆದ ವ್ಯವಸ್ಥೆ ಇದು.

ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಯನ್ನು ಬಿಡಿಸಿ ನೋಡಿದರೆ ಇದೇ ವಿವೇಕ ಗೆರೆಗಳಲ್ಲಿ ಕಾಣುತ್ತದೆ. ನಡುವೆ ಗ್ರಾಮಠಾಣಾ, ಸುತ್ತ ಹೊಲ ತೋಟ, ದನಗಳಿಗೆ ಗೋಮಾಳ, ನೆರಳಿಗೆ ಗುಂಡುತೋಪು, ಹಳ್ಳಿಯಿಂದ ಹಳ್ಳಿಗೆ ಬಂಡಿದಾರಿ, ನೀರಿಗೆ ಕಾಲುವೆ. ಯಾರ ಹೆಸರಿಗೂ ಸೇರದ, ಎಲ್ಲರಿಗೂ ಸೇರಿದ ಜಾಗಗಳು ಇವು. ಊರಿನ ಉಸಿರು ಇರುವುದೇ ಇಂಥ ಜಾಗಗಳಲ್ಲಿ.

ಕೂಟದಲ್ಲಿ ಇಲ್ಲದವರು

ಹಳೆಯದನ್ನು ಹೊಗಳುವಾಗ ಒಂದು ಸತ್ಯವನ್ನು ಮರೆಯಬಾರದು. ಅರಳಿಕಟ್ಟೆಯ ಮೇಲೆ ಕೂತು ತೀರ್ಮಾನ ಮಾಡಿದವರು ಇಡೀ ಊರಿನವರಲ್ಲ. ಹೆಂಗಸರು ಆ ಕಟ್ಟೆಯ ಮೇಲೆ ಇರಲಿಲ್ಲ. ದಲಿತರ ಕೇರಿ ಊರಾಚೆ ಇತ್ತು; ಅವರಿಗೆ ಊರ ಬಾವಿಯ ನೀರು ಸಿಗುತ್ತಿರಲಿಲ್ಲ. ಏರಿಗೆ ಮಣ್ಣು ಹೊತ್ತವರಲ್ಲಿ, ತೂಬು ಕಾಯ್ದವರಲ್ಲಿ, ಬೀದಿ ಗುಡಿಸಿದವರಲ್ಲಿ ಅನೇಕರು ಆ ಕೇರಿಯವರೇ. ಕೆಲಸದಲ್ಲಿ ಪಾಲಿದ್ದವರಿಗೆ ಮಾತಿನಲ್ಲಿ ಪಾಲಿರಲಿಲ್ಲ. ಆ ಕೇರಿ ತಗ್ಗಿನಲ್ಲಿ, ಊರಿನ ಕೊಚ್ಚೆ ಹರಿದು ಬರುವ ಕಡೆ ಇದ್ದರೆ ರೋಗ ಮೊದಲು ಅಲ್ಲಿಗೇ ಬರುತ್ತಿತ್ತು. ಹಳೆಯ ಊರಿನ ರಚನೆಯಲ್ಲಿದ್ದ ದೊಡ್ಡ ದೋಷ ಇದು. ಮುಂದಿನ ನೂರು ವರ್ಷಗಳ ಇತಿಹಾಸವನ್ನು ಈ ದೋಷ ಎಷ್ಟು ತಿದ್ದುಪಡಿಯಾಯಿತು ಎಂಬ ಕಣ್ಣಿನಿಂದಲೇ ನೋಡಬೇಕು.

ಪ್ಲೇಗು ಕಲಿಸಿದ ಪಾಠ

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಅಲ್ಲಿಂದ ಸಂಸ್ಥಾನದ ಊರೂರಿಗೆ ಹರಡಿತು. ಇಲಿ ಬಿದ್ದಿತೆಂದರೆ ಸಾಕು, ಜನ ಮನೆಗೆ ಬೀಗ ಹಾಕಿ ಹೊಲಗಳಲ್ಲಿ, ತೋಟಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. ಗಾಳಿ ಬೆಳಕಿಲ್ಲದ ಮನೆ, ಇಕ್ಕಟ್ಟಾದ ಓಣಿ, ದವಸದ ಜೊತೆಗೇ ಮನುಷ್ಯರ ವಾಸ ಇವು ಪ್ರಾಣಕ್ಕೆ ಅಪಾಯ ಎಂಬುದು ಎಲ್ಲರಿಗೂ ಅರ್ಥವಾಯಿತು.

ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ವೇಗವಾಗಿ ಬೆಳೆದದ್ದು ಈ ಪ್ಲೇಗಿನಿಂದಲೇ. ನೇರ ರಸ್ತೆ, ಅಡ್ಡರಸ್ತೆ, ಮನೆಯ ಸುತ್ತ ಖಾಲಿ ಜಾಗ, ಮನೆಗಳ ಹಿಂದೆ ಕಸ ಸಾಗಿಸಲು ಓಣಿ. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣೆಗಾಗಿಯೇ ಒಂದು ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. ಇವು ಒಳ್ಳೆಯ ಕೆಲಸಗಳೇ. ಆದರೆ ನಕ್ಷೆ ಬರೆದವರು ಅಧಿಕಾರಿಗಳು, ಅದರಂತೆ ವಾಸ ಮಾಡಿದವರು ಜನ. ಜನರನ್ನೇ ಕೇಳಿ, ಜನರನ್ನೇ ಸೇರಿಸಿಕೊಂಡು ಊರು ಸರಿಪಡಿಸಬಹುದು ಎಂದು ತೋರಿಸಿದವರಲ್ಲಿ ಒಬ್ಬರು ಹೊರಗಿನಿಂದ ಬಂದವರು. ಅವರ ಕಥೆ ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕು.

ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದರು. ಓದಿನಿಂದ ಜೀವವಿಜ್ಞಾನಿ. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಯೂ ಸೇರಿದಂತೆ ಹಲವು ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವರದಿ ಬರೆದರು. ವೈದ್ಯರು ರೋಗಿಯನ್ನು ಪರೀಕ್ಷಿಸದೆ ಔಷಧಿ ಕೊಡುವುದಿಲ್ಲ. ಹಾಗೆಯೇ ಊರನ್ನು ನಡೆದು ನೋಡದೆ ನಕ್ಷೆ ಬರೆಯಬಾರದು ಎಂಬುದು ಅವರ ನಿಲುವು. ಹಳೆಯ ಕೇರಿಯ ಮಧ್ಯೆ ಮನೆಗಳನ್ನೆಲ್ಲ ಕೆಡವಿ ಅಗಲ ರಸ್ತೆ ಹೊಡೆಯುವ ಬದಲು, ಬಿದ್ದುಹೋದ ಒಂದೆರಡು ಮನೆಗಳ ಜಾಗವನ್ನು ಬಯಲು ಮಾಡಿ, ಒಂದು ಮರ ನೆಟ್ಟು, ಬಾವಿ ಕಟ್ಟೆ ಸರಿಪಡಿಸಿದರೆ ಕಡಿಮೆ ಖರ್ಚಿನಲ್ಲಿ ಕೇರಿ ಬದುಕುತ್ತದೆ ಎಂದು ಅವರು ವಾದಿಸಿದರು.

1917ರ ಹೊತ್ತಿಗೆ ಅವರು ಇಂದೋರಿಗೆ ಹೋದಾಗ ಅಲ್ಲಿ ಪ್ಲೇಗಿನ ಭಯವಿತ್ತು. ದೀಪಾವಳಿಯ ಮೆರವಣಿಗೆ ಈ ಸಲ ಹಳೆಯ ದಾರಿಯಲ್ಲಿ ಹೋಗುವುದಿಲ್ಲ, ಯಾವ ಬೀದಿಯವರು ತಮ್ಮ ಮನೆ ಬಾಗಿಲನ್ನು ಹೆಚ್ಚು ಚೊಕ್ಕಟ ಮಾಡಿಕೊಂಡಿರುತ್ತಾರೋ ಆ ಬೀದಿಯಲ್ಲಿ ಹೋಗುತ್ತದೆ ಎಂದು ಸಾರಿಸಿದರು. ಊರಿಗೆ ಊರೇ ಗುಡಿಸಿ ಸುಣ್ಣ ಬಳಿಯಿತು. ಗಾಡಿಗಟ್ಟಲೆ ಕಸ ಹೊರಬಿತ್ತು. ಮೆರವಣಿಗೆಯಲ್ಲಿ ಕೊಳಕಿನ ರಾಕ್ಷಸನೂ ಪ್ಲೇಗಿನ ದೊಡ್ಡ ಇಲಿಯೂ ಬಂದವು. ಕೊನೆಗೆ ಅವನ್ನು ಸುಟ್ಟರು. ಬೀದಿ ಗುಡಿಸುವ ಕೆಲಸಗಾರರು ಹೊಸ ಬಟ್ಟೆ ಉಟ್ಟು, ಹೂವು ಧರಿಸಿ ಅದೇ ಮೆರವಣಿಗೆಯಲ್ಲಿ ಗೌರವದಿಂದ ನಡೆದರು. ತೇರಿನ ಹಿಂದಿನ ದಿನ ನಮ್ಮ ಹಳ್ಳಿಗಳಲ್ಲಿ ಬೀದಿ ಸಾರಿಸಿ, ತೋರಣ ಕಟ್ಟುವುದನ್ನು ಕಂಡವರಿಗೆ ಈ ಉಪಾಯದ ಗುಟ್ಟು ಕೂಡಲೇ ತಿಳಿಯುತ್ತದೆ. ಅಪ್ಪಣೆಯಿಂದ ಆಗದ ಕೆಲಸ ಹಬ್ಬದಿಂದ ಆಗುತ್ತದೆ.

ಸಂಸ್ಥಾನದ ಪ್ರಯತ್ನಗಳು

ಜನರನ್ನು ಕೇಳುವ ಪದ್ಧತಿಗೆ ಮೈಸೂರು ಸಂಸ್ಥಾನದಲ್ಲೂ ಬೇರುಗಳಿದ್ದವು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ದಸರಾ ಸಮಯದಲ್ಲಿ, ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ತಾಲ್ಲೂಕುಗಳಿಂದ ಬಂದ ರೈತರು, ವರ್ತಕರು ಸೇರಿ 144 ಮಂದಿ. ಕೆರೆ, ರಸ್ತೆ, ಕಂದಾಯದ ಅಹವಾಲುಗಳು ದಿವಾನರ ಮುಂದೆ ನೇರವಾಗಿ ಬಂದವು. ಬಂದವರು ಅನುಕೂಲಸ್ಥರೇ ಆಗಿದ್ದರು ನಿಜ. ಆದರೂ ಕೇಳುವ ಅಭ್ಯಾಸ ಒಂದು ಆರಂಭವಾಯಿತು.

1911ರಲ್ಲಿ ಕೆರೆ ಪಂಚಾಯಿತಿಗಳಿಗಾಗಿ ಒಂದು ಕಾನೂನು ಬಂತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1914ರಲ್ಲಿ, ಗ್ರಾಮ ಸುಧಾರಣಾ ಯೋಜನೆ ಶುರುವಾಯಿತು. ಹಳ್ಳಿಗೊಂದು ಸಮಿತಿ; ಊರಿನವರು ವಾರಕ್ಕೆ ಅರ್ಧ ದಿನ ಊರಿನ ಕೆಲಸಕ್ಕೆ ದುಡಿಯಬೇಕು. ಬಾವಿ, ಚರಂಡಿ, ರಸ್ತೆ, ಶಾಲೆ ಆ ಕೆಲಸದ ಪಟ್ಟಿಯಲ್ಲಿದ್ದವು. 1926ರ ಗ್ರಾಮ ಪಂಚಾಯಿತಿ ಕಾನೂನು ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಆದರೆ ವಾರದ ಅರ್ಧ ದಿನದ ದುಡಿಮೆ ನಡೆದದ್ದು ಊರಿನವರೇ ಮುಂದೆ ಬಂದ ಕಡೆ ಮಾತ್ರ. ಅಮಲ್ದಾರರು ಬಂದಾಗ ಗುದ್ದಲಿ ಹಿಡಿದು, ಅವರು ಹೋದ ಮೇಲೆ ಕೆಳಗಿಟ್ಟರೆ ಊರು ಸುಧಾರಿಸುವುದಿಲ್ಲ.

ಹೆಂಗಸರಿಗೂ ದಲಿತರಿಗೂ ತೀರ್ಮಾನದ ಜಾಗದಲ್ಲಿ ಕುರ್ಚಿ ಸಿಕ್ಕಿದ್ದು ಬಹಳ ತಡವಾಗಿ. 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನ ಮೀಸಲಾಗಿತ್ತು. ಇದರ ಹಿಂದಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಅವರನ್ನು ಹಳ್ಳಿಯ ಜನ ‘ನೀರ್ ಸಾಬ್’ ಎಂದೇ ನೆನೆಯುತ್ತಾರೆ. ಬರಗಾಲದಲ್ಲಿ ಊರೂರಿಗೆ ಕೊಳವೆಬಾವಿ ಕೊಡಿಸಿದವರು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ, 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಬಂದವು. ಗ್ರಾಮಸಭೆ ಕಾನೂನಿನ ಮನ್ನಣೆ ಪಡೆಯಿತು. ಇಂದು ವಾರ್ಡ್ ಸಭೆ, ಗ್ರಾಮಸಭೆಗಳು ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಲೇಬೇಕು. ಪ್ರತಿಯೊಬ್ಬ ಮತದಾರರೂ ಅದರ ಸದಸ್ಯರು. ಶಾಲೆಗಳಿಗೂ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂತು. ತಂದೆತಾಯಿಗಳು ಅದರಲ್ಲಿ ಕೂತರು. 2002ರಲ್ಲಿ ಸ್ಥಾಪನೆಯಾದ ಜಲಸಂವರ್ಧನೆ ಯೋಜನಾ ಸಂಘವು ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಹಳೆಯ ಅರಳಿಕಟ್ಟೆಯ ಕೆಲಸ ಮತ್ತೆ ಊರಿನ ಕೈಗೆ ಬಂದಿದೆ, ಈ ಸಲ ಎಲ್ಲರನ್ನೂ ಸೇರಿಸಿಕೊಂಡು.

ಈಗ ನಮ್ಮ ಮುಂದಿರುವುದು

ಮಾಯಸಂದ್ರ ದಾರಿಯ ಮೇಲಿನ ಊರು. ಒಂದು ಕಡೆ ಬೆಳ್ಳೂರು, ನಾಗಮಂಗಲ, ಮೈಸೂರು. ಇನ್ನೊಂದು ಕಡೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು. ಈ ದಾರಿ ಈಗ 150ಎ ರಾಷ್ಟ್ರೀಯ ಹೆದ್ದಾರಿ. ಹೋಬಳಿ ಕೇಂದ್ರವಾದ ಊರಿಗೆ ದಾರಿಯಿಂದ ವ್ಯಾಪಾರ ಬರುತ್ತದೆ, ಅಂಗಡಿ ಬರುತ್ತವೆ, ನಿವೇಶನದ ಬೆಲೆ ಏರುತ್ತದೆ. ನಮ್ಮ ಸೀಮೆಯಲ್ಲಿ ಎಲ್ಲಿ ನೋಡಿದರೂ ತೆಂಗಿನ ತೋಟದ ಪಕ್ಕದಲ್ಲಿ ಲೇಔಟಿನ ಕಲ್ಲು ನಿಲ್ಲುತ್ತಿವೆ. ಹೀಗೆ ಬೆಳೆಯುವ ಊರುಗಳಲ್ಲಿ ಮೊದಲು ಮಾಯವಾಗುವುದು ಯಾರ ಹೆಸರಿಗೂ ಇಲ್ಲದ ಜಾಗಗಳು: ಕಾಲುವೆ, ಬಂಡಿದಾರಿ, ತೋಪು, ಗೋಮಾಳ. ಕಾಲುವೆ ಮುಚ್ಚಿದರೆ ಕೆರೆಗೆ ನೀರಿಲ್ಲ. ಕೆರೆಗೆ ನೀರಿಲ್ಲದಿದ್ದರೆ ಕೊಳವೆಬಾವಿ ಎಷ್ಟು ಆಳ ಹೋದರೂ ತೆಂಗು ಉಳಿಯುವುದಿಲ್ಲ. ಮಳೆ ಜೋರಾಗಿ ಬಂದ ವರ್ಷ ಅದೇ ನೀರು ಮನೆಗಳಿಗೆ ನುಗ್ಗುತ್ತದೆ. ತೆಂಗಿನ ಸೀಮೆಯವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ.

ಗ್ರಾಮಸಭೆಯ ನೋಟಿಸು ಬಂದಾಗ ‘ಮನೆ, ಸೈಟು, ಪಿಂಚಣಿ ಬೇಕಾದವರು ಹೋಗಲಿ’ ಎನ್ನುವ ಮಾತು ಕೇಳುತ್ತೇವೆ. ಅವು ಬೇಕು. ಅದರ ಜೊತೆಗೆ ಬಸ್ಸು ಎಲ್ಲಿ ನಿಲ್ಲಬೇಕು, ಶಾಲೆಯ ಮಕ್ಕಳು ಹೆದ್ದಾರಿಯನ್ನು ಎಲ್ಲಿ ದಾಟಬೇಕು, ಕಸ ಎಲ್ಲಿ ಹಾಕಬೇಕು, ಚರಂಡಿಯ ನೀರು ಯಾವ ಕಡೆ ಹರಿಯಬೇಕು ಎಂಬುದನ್ನು ಹೇಳಲು ಅಲ್ಲಿ ಕೂತವರಿಗಿಂತ ಬಲ್ಲವರು ಯಾರೂ ಇಲ್ಲ. ಬಿಂದಿಗೆ ಹೊತ್ತ ಹೆಂಗಸಿಗೆ ನಲ್ಲಿ ಎಲ್ಲಿರಬೇಕೆಂದು ಗೊತ್ತು. ಕುರಿ ಕಾಯುವವನಿಗೆ ನೀರು ಹರಿಯುವ ಜಾಡು ಗೊತ್ತು. ಅವರ ಮಾತು ದಾಖಲೆಯಾದರೆ ಯೋಜನೆ ಸರಿಹೋಗುತ್ತದೆ.

ಆದ್ದರಿಂದ ಸುವರ್ಣ ಮಹೋತ್ಸವದ ಈ ವರ್ಷ ನಮ್ಮ ಶಾಲೆಗೆ ಒಂದು ಕೆಲಸವನ್ನು ಸೂಚಿಸುತ್ತೇನೆ. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಸಮಾಜ ವಿಜ್ಞಾನದ ಶಿಕ್ಷಕರ ಜೊತೆ ಹಳೆಯ ಗ್ರಾಮ ನಕ್ಷೆಯನ್ನು ಕೈಯಲ್ಲಿ ಹಿಡಿದು ಊರು ಸುತ್ತಲಿ. ನಕ್ಷೆಯಲ್ಲಿರುವ ಕಾಲುವೆ ನೆಲದ ಮೇಲೆ ಇದೆಯೇ? ತೋಪಿನಲ್ಲಿ ಎಷ್ಟು ಮರಗಳಿವೆ? ಯಾವ ಬಾವಿಯಲ್ಲಿ ನೀರಿದೆ, ಯಾವುದು ಕಸದ ಗುಂಡಿಯಾಗಿದೆ? ಎಲ್ಲ ಬೀದಿಗಳಲ್ಲೂ, ಕಾಲೊನಿಯಲ್ಲೂ, ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಲಿ. ಹೊರ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರುಗಳಿದ್ದಾರೆ, ಸರ್ವೆ ಇಲಾಖೆಯವರಿದ್ದಾರೆ, ವೈದ್ಯರಿದ್ದಾರೆ. ಅವರು ಒಂದು ಭಾನುವಾರ ಬಂದು ಕೈಜೋಡಿಸಲಿ. ಮಕ್ಕಳು ಬರೆದ ಹೊಸ ನಕ್ಷೆಯನ್ನು ಶಾಲೆಯ ಗೋಡೆಯ ಮೇಲೂ, ಮುಂದಿನ ಗ್ರಾಮಸಭೆಯ ಮುಂದೂ ಇಡೋಣ. ನಮ್ಮ ಶಾಲೆ 50 ವರ್ಷಗಳಲ್ಲಿ ಊರಿಗೆ ಓದು ಬರಹ ಕೊಟ್ಟಿದೆ. ತನ್ನ ಊರನ್ನು ಓದಲು ಕಲಿತ ಮಕ್ಕಳನ್ನು ಮುಂದಿನ 50 ವರ್ಷಗಳಲ್ಲಿ ಅದು ಕೊಡಲಿ ಎಂದು ಹಾರೈಸುತ್ತೇನೆ.