ಚಡಪಡಿಸುವ ಕಾಲುಗಳ ಲಕ್ಷಣಕೂಟಕ್ಕೆ ಔಷಧರಹಿತ ಚಿಕಿತ್ಸೆಗಳು

ಚಡಪಡಿಸುವ ಕಾಲುಗಳ ಲಕ್ಷಣಕೂಟ ಅಥವಾ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ನರಮಂಡಲಕ್ಕೆ ಸಂಬಂಧಿಸಿದ ಒಂದು ತೊಂದರೆ. ಇದರಲ್ಲಿ ಕಾಲುಗಳನ್ನು ಆಡಿಸಲೇಬೇಕೆಂಬ ತಡೆಯಲಾಗದ ಒತ್ತಡ ಉಂಟಾಗುತ್ತದೆ. ಇದು ಸಂಜೆ ಮತ್ತು ರಾತ್ರಿಯ ಹೊತ್ತು, ವಿಶ್ರಾಂತಿಯಲ್ಲಿರುವಾಗ ಹೆಚ್ಚುತ್ತದೆ; ನಡೆದಾಡಿದರೆ ತಗ್ಗುತ್ತದೆ. ಸೌಮ್ಯ ಸ್ವರೂಪದ ತೊಂದರೆಗೆ ಔಷಧರಹಿತ ಕ್ರಮಗಳೇ ಸಾಕಾಗಬಹುದು. ತೀವ್ರ ಸ್ವರೂಪದಲ್ಲಿ ಇವುಗಳನ್ನು ಔಷಧಗಳ ಜೊತೆಗೆ ಅನುಸರಿಸಲಾಗುತ್ತದೆ.

ಹಿನ್ನೆಲೆ

ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ ಅವರು 1672ರಲ್ಲಿಯೇ ಈ ಲಕ್ಷಣಗಳನ್ನು ವರ್ಣಿಸಿದ್ದರು. ಸ್ವೀಡನ್ನಿನ ನರರೋಗತಜ್ಞ ಕಾರ್ಲ್-ಆಕ್ಸೆಲ್ ಎಕ್‌ಬೊಮ್ ಅವರು 1945ರಲ್ಲಿ ವಿಸ್ತೃತ ಅಧ್ಯಯನವನ್ನು ಪ್ರಕಟಿಸಿದರು. 2007ರಲ್ಲಿ ಪ್ರಕಟವಾದ ಬೆಂಗಳೂರು ನಗರದ ಸಮೀಕ್ಷೆಯೊಂದು ಸುಮಾರು ಶೇ. 2ರಷ್ಟು ಜನರಲ್ಲಿ ಈ ತೊಂದರೆಯನ್ನು ಗುರುತಿಸಿತು.

ರೋಗಿಗಳು ಇದನ್ನು ಕಾಲೊಳಗೆ ಇರುವೆ ಹರಿದಂತೆ, ಎಳೆದಂತೆ ಎಂದು ವಿವರಿಸುತ್ತಾರೆ. ಮೀನಖಂಡ ಗಟ್ಟಿಯಾಗಿ ನೋಯುವ ಸ್ನಾಯುಸೆಳೆತ ಹಾಗೂ ಒಂದೇ ಭಂಗಿಯಲ್ಲಿ ಕುಳಿತಾಗ ಹಿಡಿಯುವ ಜೋಮು ಇದಕ್ಕಿಂತ ಭಿನ್ನವಾದವು.

ಡೋಪಮೈನ್‌ನಂತೆ ವರ್ತಿಸುವ ಔಷಧಗಳು ಮೊದಲು ಉತ್ತಮ ಉಪಶಮನ ನೀಡಿದರೂ, ದೀರ್ಘಕಾಲ ಬಳಸಿದಾಗ ಹಲವರಲ್ಲಿ ತೊಂದರೆಯನ್ನೇ ಉಲ್ಬಣಗೊಳಿಸುತ್ತವೆ: ಲಕ್ಷಣಗಳು ಹಗಲಿನಲ್ಲೇ ತೋರತೊಡಗುತ್ತವೆ, ಕೈಗಳಿಗೂ ಹರಡಬಹುದು. ಅಮೆರಿಕದ ನಿದ್ರಾವೈದ್ಯಕೀಯ ಅಕಾಡೆಮಿಯು 2025ರ ಮಾರ್ಗಸೂಚಿಯಲ್ಲಿ ಇವುಗಳನ್ನು ಸಾಮಾನ್ಯ ಚಿಕಿತ್ಸೆಯಾಗಿ ಬಳಸದಿರಲು ಸಲಹೆ ನೀಡಿದೆ. ಇದರಿಂದ ಔಷಧರಹಿತ ಕ್ರಮಗಳ ಮಹತ್ವ ಹೆಚ್ಚಿದೆ.

ಕಾರಣಗಳ ನಿವಾರಣೆ

ಮಿದುಳಿನಲ್ಲಿ ಡೋಪಮೈನ್ ತಯಾರಾಗಲು ಕಬ್ಬಿಣಾಂಶ ಅಗತ್ಯ. ಹಿಮೋಗ್ಲೋಬಿನ್ ಸರಿಯಾಗಿದ್ದರೂ ದೇಹದಲ್ಲಿ ಕಬ್ಬಿಣದ ಸಂಗ್ರಹ ಕಡಿಮೆ ಇರಬಹುದು. ಆದುದರಿಂದ ರಕ್ತದ ಫೆರಿಟಿನ್ ಪರೀಕ್ಷೆ ಚಿಕಿತ್ಸೆಯ ಮೊದಲ ಹೆಜ್ಜೆ. ವಯಸ್ಕರಲ್ಲಿ ಇದು ಲೀಟರಿಗೆ 75 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣಾಂಶ ಪೂರೈಕೆಯನ್ನು ಪರಿಗಣಿಸಲಾಗುತ್ತದೆ. ಊಟದೊಡನೆ ಕುಡಿಯುವ ಚಹಾ, ಕಾಫಿಗಳು ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತವೆ. ನಿಂಬೆ, ನೆಲ್ಲಿಕಾಯಿಗಳಲ್ಲಿರುವ ಸಿ ಜೀವಸತ್ವ ಅದನ್ನು ಹೆಚ್ಚಿಸುತ್ತದೆ. ಕಬ್ಬಿಣಾಂಶ ಅತಿಯಾದರೆ ಹಾನಿಕರವಾದ್ದರಿಂದ ಪರೀಕ್ಷೆಯಿಲ್ಲದೆ ಮಾತ್ರೆ ಸೇವಿಸುವುದು ಸಲ್ಲದು.

ನೆಗಡಿ, ಅಲರ್ಜಿಗೆ ನೀಡುವ ನಿದ್ದೆ ತರಿಸುವ ಮಾತ್ರೆಗಳು, ವಾಂತಿ ತಡೆಯುವ ಮೆಟೊಕ್ಲೋಪ್ರಮೈಡ್ ಹಾಗೂ ಖಿನ್ನತೆಯ ಕೆಲವು ಔಷಧಗಳು ಲಕ್ಷಣಗಳನ್ನು ಹೆಚ್ಚಿಸಬಲ್ಲವು. ಇವುಗಳ ಬದಲಾವಣೆ ವೈದ್ಯರ ಸಲಹೆಯಂತೆಯೇ ಆಗಬೇಕು. ಸಂಜೆಯ ಕಾಫಿ, ಮದ್ಯಪಾನಗಳನ್ನು ಬಿಡುವುದರಿಂದ ಕೆಲವರಿಗೆ ಅನುಕೂಲವಾಗುತ್ತದೆ.

ವ್ಯಾಯಾಮ ಮತ್ತು ದಿನಚರಿ

ವಾರಕ್ಕೆ 3 ದಿನಗಳಂತೆ 12 ವಾರ ವೇಗದ ನಡಿಗೆಯಂತಹ ವ್ಯಾಯಾಮ ಹಾಗೂ ಕಾಲುಗಳ ಬಲವರ್ಧನೆಯ ಅಭ್ಯಾಸ ಮಾಡಿಸಿದ ಪ್ರಯೋಗವೊಂದರಲ್ಲಿ (2006) ಲಕ್ಷಣಗಳು ಗಮನಾರ್ಹವಾಗಿ ಇಳಿದವು. ಡಯಾಲಿಸಿಸ್ ರೋಗಿಗಳಲ್ಲಿ ಚಿಕಿತ್ಸೆಯ ವೇಳೆಯಲ್ಲೇ ಮಲಗಿಕೊಂಡು ಪೆಡಲ್ ತುಳಿಯುವ ವ್ಯಾಯಾಮವೂ ಪ್ರಯೋಜನ ತೋರಿದೆ. ವ್ಯಾಯಾಮ ಮಿತವಾಗಿರಬೇಕು, ಮಲಗುವ ಮುನ್ನ ಅತಿಯಾಗಿ ದಣಿಯುವುದು ಕೆಲವರಲ್ಲಿ ಬಾಧೆಯನ್ನು ಹೆಚ್ಚಿಸುತ್ತದೆ. ಯೋಗಾಭ್ಯಾಸದ ಕುರಿತು ಸಣ್ಣ ಅಧ್ಯಯನಗಳು ಆಶಾದಾಯಕವಾಗಿವೆ.

ನಿಯಮಿತ ನಿದ್ರಾವೇಳೆ, ಮೀನಖಂಡಗಳ ನೀವುವಿಕೆ, ಬಿಸಿ ಅಥವಾ ತಣ್ಣೀರಿನ ಸ್ನಾನ ತಾತ್ಕಾಲಿಕ ಶಮನ ನೀಡಬಹುದು. ಪದಬಂಧ, ಹೆಣಿಗೆಯಂತಹ ಮನಸ್ಸನ್ನು ತೊಡಗಿಸುವ ಕೆಲಸಗಳೂ ಬಸ್ಸು, ರೈಲಿನ ದೀರ್ಘ ಪ್ರಯಾಣದಲ್ಲಿ ನೆರವಾಗಬಹುದು.

ಉಪಕರಣಗಳು

ಗಾಳಿ ತುಂಬಿ ಬಿಡುವ ಪಟ್ಟಿಗಳಿಂದ ಕಾಲುಗಳನ್ನು ಆಗಾಗ ಒತ್ತುವ ಯಂತ್ರವನ್ನು ಲಕ್ಷಣಗಳು ಆರಂಭವಾಗುವ ಮುನ್ನ ದಿನಕ್ಕೆ ಕನಿಷ್ಠ 1 ಗಂಟೆ ಬಳಸಿದ ಪ್ರಯೋಗದಲ್ಲಿ (2009) ಉತ್ತಮ ಫಲ ಕಂಡುಬಂದಿತು. ಮೊಣಕಾಲಿನ ಕೆಳಗೆ ಕಟ್ಟಿಕೊಂಡು ಪೆರೋನಿಯಲ್ ನರವನ್ನು ಪ್ರಚೋದಿಸುವ ಸಾಧನಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2023ರಲ್ಲಿ ಅನುಮತಿ ನೀಡಿತು. ಮೇಲೆ ಹೇಳಿದ 2025ರ ಮಾರ್ಗಸೂಚಿಯು ಇದನ್ನು ಷರತ್ತುಬದ್ಧವಾಗಿ ಶಿಫಾರಸು ಮಾಡಿದೆ.

ಮಿತಿಗಳು

ಈ ಕ್ರಮಗಳ ಬಗೆಗಿನ ಪ್ರಯೋಗಗಳಲ್ಲಿ ಹೆಚ್ಚಿನವು ಸಣ್ಣ ಪ್ರಮಾಣದವು, ಅಲ್ಪಾವಧಿಯವು. ಅಕ್ಯುಪಂಕ್ಚರ್ ಕುರಿತ 2008ರ ಕಾಕ್ರೇನ್ ವಿಮರ್ಶೆಯು ಸಾಕಷ್ಟು ಪುರಾವೆಯಿಲ್ಲವೆಂದು ತೀರ್ಮಾನಿಸಿತು. ಗರ್ಭಿಣಿಯರಲ್ಲಿ ಕಾಣುವ ತೊಂದರೆ ಸಾಮಾನ್ಯವಾಗಿ ಹೆರಿಗೆಯ ನಂತರ ಶಮನವಾಗುತ್ತದೆ. ಒಂದೇ ಕಾಲಿನಲ್ಲಿ ಊತ, ಕೆಂಪು, ನೋವು ಇದ್ದರೆ ಅದು ರಕ್ತ ಹೆಪ್ಪುಗಟ್ಟುವಿಕೆಯ ಸೂಚನೆಯಾಗಿರಬಹುದು. ಆಗ ಕಾಲನ್ನು ನೀವದೆ, ಒತ್ತುವ ಯಂತ್ರವನ್ನು ಬಳಸದೆ ಕೂಡಲೇ ವೈದ್ಯರನ್ನು ಕಾಣಬೇಕು.