ಸೊಲ್ಲಾಪುರದ ನಂದಿಧ್ವಜ: ಯೋಗದಂಡಕ್ಕೆ ನಡೆಯುವ ಮದುವೆ

ನಮ್ಮ ಸಂಪ್ರದಾಯದಲ್ಲಿ ಕೋಲು ಬರೀ ಆಸರೆಯ ವಸ್ತುವಲ್ಲ. ಉಪನಯನದಲ್ಲಿ ವಟುವಿಗೆ ಮುತ್ತುಗದ ದಂಡ ಕೊಡುತ್ತಾರೆ. ಸನ್ಯಾಸಿಯ ಕೈಯಲ್ಲಿನ ದಂಡ ವೈರಾಗ್ಯದ ಗುರುತು. ಜಪಕ್ಕೆ ಕುಳಿತ ಯೋಗಿ ಕೈ ಊರುವ ಗಿಡ್ಡ ಕೋಲೇ ಯೋಗದಂಡ. ಈ ಯೋಗದಂಡಕ್ಕೆ ಪ್ರತಿವರ್ಷ ಮದುವೆ ಮಾಡುವ ಊರು ಸೊಲ್ಲಾಪುರ.

12ನೇ ಶತಮಾನದ ಶರಣ ಸಿದ್ಧರಾಮೇಶ್ವರರ ಊರಾದ ಇದರ ಹಳೆಯ ಹೆಸರು ಸೊನ್ನಲಿಗೆ. 'ಕಪಿಲಸಿದ್ಧಮಲ್ಲಿಕಾರ್ಜುನ' ಅಂಕಿತದಲ್ಲಿ ಅವರು ಕನ್ನಡ ವಚನಗಳನ್ನು ರಚಿಸಿದ್ದಾರೆ. ಕುಂಬಾರರ ಮಗಳೊಬ್ಬಳು ಅವರನ್ನೇ ವರಿಸಬೇಕೆಂದು ಹಟ ಹಿಡಿದಳೆಂದು ಜನರ ನಂಬಿಕೆ. ಶಿವನಿಗೆ ಒಪ್ಪಿಸಿಕೊಂಡ ತಾನು ಮದುವೆಯಾಗಲಾರೆ, ಬೇಕಾದರೆ ನನ್ನ ಯೋಗದಂಡವನ್ನು ವರಿಸು ಎಂದರಂತೆ ಸಿದ್ಧರಾಮರು. ಹೀಗೆ ಯೋಗಿಯ ವ್ರತವೂ ಉಳಿಯಿತು, ಹುಡುಗಿಯ ಭಕ್ತಿಗೂ ಮನ್ನಣೆ ಸಿಕ್ಕಿತು.

ಆ ಯೋಗದಂಡದ ಸಂಕೇತವೇ ನಂದಿಧ್ವಜ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಇಂಥ 7 ಎತ್ತರದ ಕೋಲುಗಳು ಹಿರೇಹಬ್ಬು ವಾಡೆಯಿಂದ ಹೊರಡುತ್ತವೆ. ಬಿಳಿ ಬಾರಾಬಂದಿ ತೊಟ್ಟ ಭಕ್ತರು ಸರದಿಯಂತೆ ಹೊರುತ್ತಾರೆ. ಬೇರೆ ಬೇರೆ ಸಮಾಜದವರಿಗೆ ಈ ಕೋಲುಗಳ ಮಾನವಿದೆ. ಕೊನೆಯ ಎರಡು ಮಾತಂಗ ಸಮಾಜದ್ದು.

ಮೊದಲ ದಿನ ಸಿದ್ಧರಾಮರು ಊರ ಸುತ್ತ ಸ್ಥಾಪಿಸಿದರೆಂಬ 68 ಲಿಂಗಗಳ ಬಳಿಗೆ ನಂದಿಧ್ವಜಗಳು ಹೋಗುತ್ತವೆ. ಅಲ್ಲಿ ತೈಲಾಭಿಷೇಕ, ಅಂದರೆ ಮದುವೆಯ ಎಣ್ಣೆ ಶಾಸ್ತ್ರ. ಎರಡನೇ ದಿನ ದೇವಸ್ಥಾನದ ಬಳಿಯ ಸಮ್ಮತಿ ಕಟ್ಟೆಯಲ್ಲಿ ಸಮ್ಮತಿ ವಾಚನವಾಗಿ, ನೆರೆದ ಜನ ಅಕ್ಷತೆ ಹಾಕುತ್ತಾರೆ. ಮಾರನೇ ದಿನ ಹೋಮ. ಕುಂಬಾರ ಕನ್ಯೆ ಅಗ್ನಿಪ್ರವೇಶ ಮಾಡಿದಳೆಂಬ ಕಥೆಯ ನೆನಪಿದು. ಮುಂದೆ ಮದ್ದು ಸುಡುವ ಸಂಭ್ರಮ. ಕೊನೆಗೆ ಧ್ವಜಗಳ ವಸ್ತ್ರ ಬಿಚ್ಚುವ 'ಕಪ್ಪಡಕಳ್ಳಿ'.

ನಂದಿಕೋಲು ಗಡಿಯಾಚೆಗೂ ಹೊಸದಲ್ಲ. ಮೈಸೂರು ದಸರೆಯ ಜಂಬೂ ಸವಾರಿ ಹೊರಡುವ ಮುನ್ನ ನಂದಿಧ್ವಜಕ್ಕೇ ಪೂಜೆ. ಆದರೆ ಅಲ್ಲಿ ಅದು ಮೆರವಣಿಗೆಯ ಶುಭಾರಂಭ. ಸೊಲ್ಲಾಪುರದಲ್ಲಿ ಅದೇ ಮದುಮಗ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಮರಾಠಿ, ಕನ್ನಡ, ತೆಲುಗು ಮಾತಾಡುವವರೆಲ್ಲ ಇಂದಿಗೂ ಒಂದೇ ಕಟ್ಟೆಯ ಮುಂದೆ ನಿಂತು ಅಕ್ಷತೆ ಹಾಕುತ್ತಾರೆ. ಹಿರೇಹಬ್ಬು, ಕಪ್ಪಡಕಳ್ಳಿ ಎಂಬ ಮಾತುಗಳು ಮರಾಠಿ ಬಾಯಲ್ಲೂ ಹಾಗೇ ಉಳಿದಿವೆ. ಅವುಗಳ ಅರ್ಥವನ್ನು ಮನೆಯ ಮಕ್ಕಳಿಗೆ ಬಿಡಿಸಿ ಹೇಳುವ ಕೆಲಸ ಮಾತ್ರ ಕನ್ನಡ ಬಲ್ಲ ನಮ್ಮದು.